ಮಸ್ಕಿಯ ಗೈಡಪ್ಪ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ಹತ್ತಿ ಮತ್ತು ತೊಗರಿಯ ಹೊಲಗಳ ನಡುವೆ ಎದ್ದು ನಿಂತಿರುವ ಈ ಕಲ್ಲುಗುಡ್ಡವೇ ಮಸ್ಕಿಯ ದುರ್ಗದ ಗುಡ್ಡ. ಮಸ್ಕಿ ಈಗ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರವಾಗಿದೆ. ನಾವು ಓದುವಾಗ ಅದು ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಊರಾಗಿತ್ತು. ಕಳೆದ ಬೇಸಿಗೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ ನಮ್ಮ ಸಹಪಾಠಿಯೊಬ್ಬನ ಕುರಿತು ಇಂದು ಮಾತನಾಡುತ್ತೇನೆ. ಅವನ ಹೆಸರನ್ನು ಇಲ್ಲಿ ಹೇಳುವುದು ಬೇಡವೆಂದು ಮನೆಯವರು ಕೇಳಿಕೊಂಡಿದ್ದಾರೆ. ಹಾಜರಿ ಪುಸ್ತಕದ ಹೊರಗೆ ಆ ಹೆಸರು ಬಳಕೆಯಲ್ಲಿರಲೇ ಇಲ್ಲವಾದ್ದರಿಂದ ಇದು ಕಷ್ಟದ ಕೆಲಸವಲ್ಲ. ಶಾಲೆಗೂ ಊರಿಗೂ ಅವನು ಗೈಡಪ್ಪ.

ಹಾಗೆ ಕರೆಯಲು ಕಾರಣ ಈಗ ತೆರೆಯ ಮೇಲೆ ಕಾಣುತ್ತಿರುವ ಬಂಡೆ. ಈ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದ ಸಿ. ಬೀಡನ್ ಅವರ ಕಣ್ಣಿಗೆ ಇದರ ಮೇಲಿನ ಬ್ರಾಹ್ಮಿ ಅಕ್ಷರಗಳು ಬಿದ್ದವು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಆ ಲಿಪಿಯ ಗುಟ್ಟನ್ನು ಬಿಡಿಸಿದ ಮೇಲೆ ದೇಶದ ಬೇರೆ ಬೇರೆ ಕಡೆ ಓದಿದ ಶಾಸನಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳು ಸಿಗುತ್ತಿದ್ದವು. ಆ ದೊರೆ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರಾದರೂ, ಅವನದೇ ಶಾಸನದಲ್ಲಿ ಅಶೋಕನೆಂಬ ಹೆಸರು ಮೊದಲು ಓದಲು ಸಿಕ್ಕಿದ್ದು ಮಸ್ಕಿಯಲ್ಲಿ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿತು. ಇದನ್ನು ನೋಡಲು ದೂರದಿಂದ ಯಾರು ಬಂದರೂ ನಮ್ಮ ಗೆಳೆಯ ಅವರ ಮುಂದೆ ಗುಡ್ಡ ಹತ್ತುತ್ತಿದ್ದ. ಯಾರೂ ಅವನನ್ನು ನೇಮಿಸಿರಲಿಲ್ಲ, ಕೊಟ್ಟ ಹಣವನ್ನು ಅವನು ಮುಟ್ಟುತ್ತಲೂ ಇರಲಿಲ್ಲ; ಒಗ್ಗರಣಿ ಮಿರ್ಚಿ ಕೊಡಿಸಿದರೆ ಮಾತ್ರ ಬೇಡ ಎನ್ನುತ್ತಿರಲಿಲ್ಲ.

ಬಂದವರೆಲ್ಲ ಅಶೋಕನ ಹೆಸರಿರುವ ಸಾಲನ್ನು ತೋರಿಸು ಎನ್ನುತ್ತಿದ್ದರು. ಅದನ್ನು ತೋರಿಸಿದ ಮೇಲೆ ಅವನು ಅವರನ್ನು ಹೋಗಲು ಬಿಡದೆ ಕೆಳಗಿನ ಸಾಲುಗಳತ್ತ ಕೈ ಮಾಡುತ್ತಿದ್ದ. ಧರ್ಮದಲ್ಲಿ ನಿಷ್ಠೆಯುಳ್ಳವನಾದರೆ ಸಣ್ಣವನೂ ಇದನ್ನು ಸಾಧಿಸಬಲ್ಲ, ದೊಡ್ಡವರಿಗೆ ಮಾತ್ರ ಇದು ದಕ್ಕುತ್ತದೆ ಎಂದು ತಿಳಿಯಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಆ ಭಾಗದ ತಾತ್ಪರ್ಯ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಕನ್ನಡದಲ್ಲಿ ಬರೆದುಕೊಟ್ಟಿದ್ದ ಆ ಅರ್ಥವನ್ನು ಅವನು ಕಂಠಪಾಠ ಮಾಡಿದ್ದ. "ಮ್ಯಾಲಿಂದು ಎಲ್ಲಾರೂ ಓದ್ತಾರ್ರೀ, ಇದನ್ನ ಯಾರೂ ಕೇಳಂಗಿಲ್ಲ" ಎನ್ನುವುದು ಅವನ ಖಾಯಂ ದೂರು. ಸಾಮ್ರಾಟನ ಹೆಸರಿಗಿಂತ ಸಾಮ್ರಾಟನ ಮಾತಿನ ಮೇಲೆ ಅವನಿಗೆ ಹೆಚ್ಚು ಪ್ರೀತಿಯಿತ್ತು. ಅದಕ್ಕೆ ಕಾರಣ ಅವನ ಬದುಕಿನಲ್ಲಿಯೇ ಇತ್ತೆಂದು ನನಗೆ ಈಗ ಅನ್ನಿಸುತ್ತದೆ.

ಅವನದು ಗುಳೆ ಹೋಗುವ ಕುಟುಂಬ. ದೀಪಾವಳಿ ಮುಗಿಯುತ್ತಿದ್ದಂತೆ ಪಾತ್ರೆ, ಹಾಸಿಗೆ ಮತ್ತು ಜೋಳದ ಚೀಲಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟರೆ, ಅವನನ್ನು ನಾವು ಮತ್ತೆ ಕಾಣುತ್ತಿದ್ದುದು ಪರೀಕ್ಷೆಯ ಹೊತ್ತಿಗೆ. ನೀರಾವರಿ ತಲುಪದ ಹೊಲದವರಿಗೆ ನಮ್ಮ ಕಡೆ ಬೇರೆ ದಾರಿ ಕಡಿಮೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಸಿಕ್ಕವರು ಭತ್ತ ಬೆಳೆದರು, ಸಿಗದವರು ಬಸ್ಸು ಹತ್ತಿದರು. ಅವನು ತಪ್ಪಿಸಿಕೊಂಡ ಪಾಠಗಳನ್ನು ತರಗತಿಯ ಹುಡುಗ ಹುಡುಗಿಯರು ವಿಷಯಕ್ಕೊಬ್ಬರಂತೆ ಹಂಚಿಕೊಂಡು ಬರೆದಿಡುತ್ತಿದ್ದರು. ಯಾರೂ ಹೇಳದೆ ನಡೆಯುತ್ತಿದ್ದ ಈ ಏರ್ಪಾಟಿಗೆ ಪ್ರತಿಯಾಗಿ ಅವನು ಎಲ್ಲರ ನೋಟು ಪುಸ್ತಕದ ರಟ್ಟಿನ ಮೇಲೆ ಅವರವರ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದುಕೊಡುತ್ತಿದ್ದ. ಕೂಡಿಸುವ ಚಿಹ್ನೆಯಂತಿರುವುದು ಕ ಎಂದೂ, ಬರಿಯ ವೃತ್ತವಾಗಿದ್ದ ಠ ಇಷ್ಟು ಶತಮಾನಗಳಾದರೂ ಕನ್ನಡದಲ್ಲಿ ತನ್ನ ದುಂಡನ್ನು ಬಿಟ್ಟಿಲ್ಲವೆಂದೂ ನಾನು ಕಲಿತದ್ದು ಹಾಗೆ.

ಅವನು ಬೆಂಗಳೂರಿನಿಂದ ತಂದ ವಿದ್ಯೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂಬತ್ತನೆಯ ತರಗತಿಯ ಕೊನೆಯಲ್ಲಿ ಅವನು ಮರಳಿ ಬಂದಾಗ, ಗಣಿತದ ಮೇಷ್ಟ್ರು ಪೈಥಾಗೊರಸನ ಪ್ರಮೇಯವನ್ನು ಕಪ್ಪು ಹಲಗೆಯ ಮೇಲೆ ಸಾಧಿಸುತ್ತಿದ್ದರು ಮತ್ತು ಹಿಂದಿನ ಬೆಂಚುಗಳು ಎಂದಿನಂತೆ ನಿದ್ದೆಯಲ್ಲಿದ್ದವು. ಅವನು ಎದ್ದು ನಿಂತು, ಇದು ನಮ್ಮ ಮೇಸ್ತ್ರಿಯ ಹಗ್ಗದ ಲೆಕ್ಕವಲ್ಲವೇ ಎಂದು ಕೇಳಿದ. ಮೇಷ್ಟ್ರು ಸಿಟ್ಟಾಗದೆ ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ದರು. ಪಾಯದ ಮೂಲೆ ಸರಿಯಾಗಿ ಬರಬೇಕಾದರೆ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಹಾಕಿ, ಆ ಎರಡು ಗುರುತುಗಳ ನಡುವಿನ ಹಗ್ಗ ಸರಿಯಾಗಿ 5 ಅಡಿ ಬರುವವರೆಗೆ ಬದಿಗಳನ್ನು ಸರಿಸುತ್ತಾರೆ. ಆಗ ಮೂಲೆಮಟ್ಟ ತಾನಾಗಿಯೇ ಕೂಡುತ್ತದೆ. 9 ಮತ್ತು 16 ಕೂಡಿದರೆ 25 ಆಗುವುದು ನಮಗೆ ನೆಲದ ಮೇಲೆ ಕಂಡಿತು. ಹಗ್ಗದ ತುದಿಗಳನ್ನು ಹಿಡಿಯಲು ಅವನು ಕರೆದದ್ದು ಮೊದಲ ಬೆಂಚಿನ ಜಾಣರನ್ನಲ್ಲ. ಉಗ್ಗುತ್ತಿದ್ದುದರಿಂದ ತರಗತಿಯಲ್ಲಿ ಬಾಯಿ ತೆರೆಯದ ಒಬ್ಬ ಹುಡುಗನನ್ನೂ, ಕುರಿ ಕಾಯ್ದು ತಡವಾಗಿ ಬರುತ್ತಿದ್ದ ಇನ್ನೊಬ್ಬನನ್ನೂ ಕರೆದು, ಅಳತೆಯನ್ನು ಗಟ್ಟಿಯಾಗಿ ಕೂಗಿ ಹೇಳುವ ಕೆಲಸವನ್ನು ಆ ಉಗ್ಗುವ ಹುಡುಗನಿಗೇ ಕೊಟ್ಟ. ಆ ಹುಡುಗ ಇಂದು ಸಿಂಧನೂರಿನಲ್ಲಿ ಮನೆ ಕಟ್ಟುವ ಗುತ್ತಿಗೆದಾರ; ಸಾಲಲಿಲ್ಲವೆಂಬಂತೆ ಮಾತುಗಾರ ಕೂಡ.

ಹತ್ತನೆಯ ತರಗತಿಯ ನಡುವೆ ಗೈಡಪ್ಪ ಗುಳೆ ಹೋದವನು ಶಾಲೆಗೆ ಮರಳಲಿಲ್ಲ. ತಂದೆಗೆ ಕೆಲಸದ ಜಾಗದಲ್ಲಿ ಕಾಲು ಮುರಿದಿತ್ತು, ದುಡಿಯುವ ಕೈ ಅವನದೇ ಆಗಬೇಕಾಯಿತು. ನಮ್ಮ ತಂಡದ ಎಸ್ಸೆಸ್ಸೆಲ್ಸಿ ಛಾಯಾಚಿತ್ರದಲ್ಲಿ ಅವನಿಲ್ಲ. ಆದರೂ ನಾವು ಕೂಡಿದಾಗಲೆಲ್ಲ ಮೊದಲು ಬರುತ್ತಿದ್ದುದು ಅವನ ಸುದ್ದಿ. ಮುಂದೆ ಅವನು ಮೇಸ್ತ್ರಿಯಾದ, ಮದುವೆಯಾದ, ಮಳೆಗಾಲದಲ್ಲಿ ಊರಿಗೆ ಬಂದಾಗ ಗುಡ್ಡಕ್ಕೆ ಯಾರಾದರೂ ಬಂದರೆ ಮೊದಲಿನಂತೆಯೇ ಜೊತೆಗೆ ಹೋಗುತ್ತಿದ್ದ.

ಅವನು ಹೋದ ಮೇಲೆ ನಾವು ಸಹಪಾಠಿಗಳು ಒಂದಿಷ್ಟು ಹಣ ಕೂಡಿಸಿ ಅವನ ಹೆಂಡತಿಯ ಬಳಿಗೆ ಹೋದೆವು. ಅವರು ಹಣವನ್ನು ಹಿಂದಕ್ಕೆ ಸರಿಸಿ, ತಾವು ದೀಪಾವಳಿಯ ನಂತರ ಕೆಲಸಕ್ಕೆ ಹೋಗಲೇಬೇಕೆಂದೂ, ಮಗಳನ್ನು ಇಲ್ಲಿಯೇ ವಸತಿ ನಿಲಯಕ್ಕೆ ಸೇರಿಸುವ ಅರ್ಜಿಯನ್ನು ತುಂಬಿಕೊಟ್ಟರೆ ಸಾಕೆಂದೂ ಹೇಳಿದರು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಮ್ಮಲ್ಲೊಬ್ಬಳು ಓಡಾಡುತ್ತಿದ್ದಾಳೆ, ಅರ್ಜಿಯನ್ನು ಶಿಕ್ಷಕನಾಗಿರುವ ಗೆಳೆಯ ತುಂಬಿದ್ದಾನೆ, ರಜೆಯ ದಿನಗಳಲ್ಲಿ ಹುಡುಗಿ ಯಾರ ಮನೆಯಲ್ಲಿ ಇರಬೇಕೆಂಬ ಬಗ್ಗೆ ಮಾತ್ರ ನಮ್ಮಲ್ಲಿ ಜಗಳ ಇನ್ನೂ ಮುಗಿದಿಲ್ಲ.