ದನಿ ಗೊತ್ತು, ಹೆಸರು ಗೊತ್ತಿಲ್ಲ: ಬಿ. ಜಯಶ್ರೀ ಬಗ್ಗೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ. ರಂಗಭೂಮಿ ಕಲಾವಿದೆ ಬಿ. ಜಯಶ್ರೀ ಅವರ ಹೆಸರು ಹೇಳಿದ್ರೆ ಹಿರಿಯರು ಗುಬ್ಬಿ ವೀರಣ್ಣನವರ ಮೊಮ್ಮಗಳು ಅಂತೀರ, ಚಿಕ್ಕವರು 'ಕಾರ್ ಕಾರ್' ಹಾಡಿದೋರಲ್ವಾ ಅಂತೀರ. ಎರಡೂ ನಿಜ. ಆದ್ರೆ ಟಿವಿಲಿ ಹಳೇ ಸಿನಿಮಾ ಬಂದಾಗ ಮಾಧವಿ, ಅಂಬಿಕಾ, ಜಯಪ್ರದಾ, ಗಾಯತ್ರಿ, ಸುಮಲತಾ ಇವರನ್ನೆಲ್ಲ ನೋಡಿರ್ತೀರಲ್ಲ, ಇವರಿಗೆಲ್ಲ ಜಯಶ್ರೀ ದನಿ ಕೊಟ್ಟಿದ್ದಾರೆ. ಅಂದ್ರೆ ಅವರ ಹೆಸರೇ ಕೇಳದಿರೋ ಮನೆಲೂ ಅವರ ದನಿ ಕೇಳಿದೆ, ನಾನು ಇವತ್ತು ಮಾತಾಡ್ಬೇಕು ಅಂದ್ಕೊಂಡಿರೋದು ಮುಖ್ಯವಾಗಿ ಆ ದನಿ ಬಗ್ಗೆನೇ.

ಆ ದನಿ ಎಲ್ಲಿಂದ ಬಂತು? ಅಜ್ಜ ವೀರಣ್ಣನವರು ಮುಂದೆ ನಡೆಸಿದ ನಾಟಕ ಮಂಡಳಿ, ಗುಬ್ಬಿ ಕಂಪನಿ, ಶುರುವಾಗಿದ್ದು 1884ರಲ್ಲಿ. ಜಯಶ್ರೀ ಹುಟ್ಟಿದ್ದು 1950ರಲ್ಲಿ, ಬೆಂಗಳೂರಲ್ಲಿ, ತಾಯಿ ಮಾಲತಮ್ಮನೂ ಕಲಾವಿದೆ, ಮಗು ಇನ್ನೂ ಚಿಕ್ಕದಿರೋವಾಗ್ಲೇ ಸ್ಟೇಜ್ ಹತ್ತಿಬಿಟ್ಟಿತ್ತು. ಕಂಪನಿ ನಾಟಕ ಅಂದ್ರೆ ಏನು ಅಂತ ಇವತ್ತಿನ ಹುಡುಗ್ರಿಗೆ ಸ್ವಲ್ಪ ಹೇಳ್ಬೇಕು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆನೇ ಸ್ಟೇಜ್ ಮೇಲೆ ತಂದೋರು ಈ ಗುಬ್ಬಿ ಕಂಪನಿಯೋರು, ಅಷ್ಟು ದೊಡ್ಡ ವ್ಯವಹಾರ. ಅಲ್ಲಿ ಪಾತ್ರ ಮಾಡೋರಿಗೆ ಹಾಡೋಕೂ ಬರ್ಬೇಕು, ಮಾತು ಹಿಂದಿನ ಸಾಲಲ್ಲಿ ಕೂತೋನಿಗೂ ಬಿಡಿಬಿಡಿಯಾಗಿ ಕೇಳ್ಬೇಕು, ಈಗಿನ ಥರ ಕಾಲರ್ ಮೈಕ್ ಎಲ್ಲಿತ್ತು! ಹಾಗಾಗಿ ಜಯಶ್ರೀ ನಟಿನಾ ಗಾಯಕಿನಾ ಅಂತ ಕೇಳಿದ್ರೆ ನನ್ನ ಪ್ರಕಾರ ಆ ಪ್ರಶ್ನೆನೇ ಅವರಿಗೆ ಹೊಂದಲ್ಲ. ಅವರು ರಂಗಗೀತೆ ಹಾಡೋದನ್ನ ಗಮನಿಸಿ, ಹಾಡ್ತಾ ಹಾಡ್ತಾ ಸಟ್ಟಂತ ಮಾತಿಗೆ ಇಳೀತಾರೆ, ಒಂದೆರಡು ಮಾತಾಡಿ ಮತ್ತೆ ಅದೇ ತಾಳಕ್ಕೆ ಹತ್ಕೋತಾರೆ, ಎಲ್ಲಿ ಮಾತು ಮುಗೀತು ಎಲ್ಲಿ ಹಾಡು ಶುರುವಾಯ್ತು ಅಂತ ಗೆರೆ ಎಳೆಯೋಕಾಗಲ್ಲ. ಇದನ್ನ ಮ್ಯೂಸಿಕ್ ಕ್ಲಾಸಲ್ಲಿ ಕೂತು ಕಲಿಯೋಕಾಗಲ್ಲ ಅಂತ ನಂಗೆ ಅನ್ಸುತ್ತೆ.

ಆದ್ರೆ ಅವರು ಅಜ್ಜನ ಆಸ್ತಿ ಮೇಲೇ ಬದುಕಿದೋರಲ್ಲ. ದೆಹಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆ ಸೇರಿದ್ರು, ಆಗ ಅಲ್ಲಿ ನಿರ್ದೇಶಕರಾಗಿದ್ದೋರು ಇಬ್ರಾಹಿಂ ಅಲ್ಕಾಜಿ, ಶಿಸ್ತು ಅಂದ್ರೆ ಶಿಸ್ತು. 1973ರಲ್ಲಿ ಮುಗಿಸ್ಕೊಂಡು ಬಂದು 1976ರಲ್ಲಿ 'ಸ್ಪಂದನ' ತಂಡ ಕಟ್ಟಿದ್ರು. 'ಲಕ್ಷಾಪತಿ ರಾಜನ ಕಥೆ', ಚಂದ್ರಶೇಖರ ಕಂಬಾರರ ಕಾದಂಬರಿ ಆಧರಿಸಿದ 'ಕರಿಮಾಯಿ' ಎಲ್ಲ ಈ ತಂಡದ್ದೇ. ಒಬ್ಬ ಹೆಣ್ಮಗಳು ಆ ಕಾಲದಲ್ಲಿ ಸ್ವಂತ ತಂಡ ಕಟ್ಟಿ, ತಾನೇ ಡೈರೆಕ್ಷನ್ ಮಾಡಿ, ತಾನೇ ಹಾಡಿ, ತಾನೇ ಕುಣಿದು ವರ್ಷಾನುಗಟ್ಟಲೆ ಅದನ್ನ ಎಳ್ಕೊಂಡು ಹೋಗೋದು ಹುಡುಗಾಟ ಅಲ್ಲ.

ಈಗ ಡಬ್ಬಿಂಗ್ ವಿಷಯಕ್ಕೆ ಬರ್ತೀನಿ. ನಾಯಕಿಯರಲ್ಲಿ ಎಷ್ಟೋ ಜನ ಹೊರಗಿಂದ ಬಂದೋರು, ಕನ್ನಡ ಪೂರ್ತಿ ಬರ್ತಿರ್ಲಿಲ್ಲ. ಆಗ ಸಿನಿಮಾದ ಒಂದು ಸಣ್ಣ ತುಂಡನ್ನ ಮತ್ತೆ ಮತ್ತೆ ಸ್ಕ್ರೀನ್ ಮೇಲೆ ಓಡಿಸೋರು, ಮೈಕ್ ಮುಂದೆ ನಿಂತು ಆ ತುಟಿ ಅಲ್ಲಾಡೋದಕ್ಕೆ ಸರಿಯಾಗಿ ಮಾತು ಕೂರಿಸ್ಬೇಕು. ಬರೀ ತುಟಿಗೆ ಕೂತ್ರೆ ಸಾಲ್ದು, ಅವರು ಅಳೋವಾಗ ಎಳ್ಕೊಳೋ ಉಸಿರು, ಮಾತು ಶುರುಮಾಡೋ ಮುಂಚೆ ತಡೆಯೋ ತಡೆ, ಅದೂ ಬರ್ಬೇಕು. ನೀವು ಸೆಂಟಿಮೆಂಟ್ ಸೀನಲ್ಲಿ ಕಣ್ಣೊರೆಸ್ಕೊಂಡಿದ್ರೆ ಅದರಲ್ಲಿ ಅರ್ಧ ಪಾಲು ಮೈಕ್ ಮುಂದೆ ನಿಂತೋರಿಗೆ ಸೇರ್ಬೇಕು.

ಅವರ ಮುಖನೂ ತೆರೆ ಮೇಲೆ ಬಂತು ಅನ್ನಿ, 'ನಾಗಮಂಡಲ' ಸಿನಿಮಾದ ಕುರುಡವ್ವನ್ನ ಮರೆಯೋಕಾಗುತ್ತಾ. ಆಮೇಲೆ 2001ರಲ್ಲಿ 'ನನ್ನ ಪ್ರೀತಿಯ ಹುಡುಗಿ'ಲಿ ಮನೋಮೂರ್ತಿ ಸಂಗೀತದಲ್ಲಿ 'ಕಾರ್ ಕಾರ್' ಹಾಡಿದ್ರು, ಆಗ ಅವರಿಗೆ ಐವತ್ತು ದಾಟಿತ್ತು, ಹಾಡು ಕೇಳಿ ಕುಣಿದೋರು ಕಾಲೇಜ್ ಹುಡುಗ್ರು. ನಾಟಕದ ಗಂಟಲು ಅದು, ನೀಟಾಗಿ ಪಾಲಿಶ್ ಮಾಡಿದ ಗಂಟಲಲ್ಲ, ಅದಕ್ಕೇ ಅಷ್ಟು ಜೀವ ಬಂತು.

ಗೌರವಗಳು ಬಂದವು, ಬೇಗ ಹೇಳಿ ಮುಗಿಸ್ತೀನಿ: 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ. ಅಜ್ಜನಿಗೆ ಪದ್ಮಶ್ರೀ ಬಂದಿದ್ದು 1972ರಲ್ಲಿ. ಇವೆಲ್ಲಕ್ಕಿಂತ ನಂಗೆ ಖುಷಿ ಕೊಟ್ಟಿದ್ದು ಅವರು ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ನಿರ್ದೇಶಕರಾಗಿದ್ದು, ಯಾಕಂದ್ರೆ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಸೇರಿದ್ದು ಗುಬ್ಬಿ ಕಂಪನಿನೇ, ಅವರನ್ನ ಓದೋಕೆ ಕಾಶಿಗೆ ಕಳಿಸಿದ್ದು ವೀರಣ್ಣನವರೇ.

ಕೊನೇದಾಗಿ ಇಲ್ಲಿರೋ ಸಿನಿಮಾ, ರಂಗಭೂಮಿ ಗೆಳೆಯರಲ್ಲಿ ಒಂದು ಕೇಳ್ಕೋತೀನಿ. ಯಾವ ಸಿನಿಮಾಲಿ ಯಾವ ನಾಯಕಿಗೆ ಯಾರು ದನಿ ಕೊಟ್ರು ಅಂತ ಒಂದು ಪಟ್ಟಿ ಆಗ್ಬೇಕು. ಜಯಶ್ರೀ ಒಬ್ಬರದ್ದೇ ಅಲ್ಲ, ಆ ಕಾಲದ ಡಬ್ಬಿಂಗ್ ಕಲಾವಿದರು ಎಲ್ಲರದ್ದೂ. ಅವರನ್ನ ಕೂರಿಸ್ಕೊಂಡು, ಸಿನಿಮಾ ಹಾಕಿ ತೋರಿಸಿ, ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿಟ್ಕೊಳ್ಳಿ, ಯಾರಾದ್ರೂ ಶುರುಮಾಡಿದ್ರೆ ನಾನೂ ಬರ್ತೀನಿ.