ಶ್ರುತಿ ಆಯ್ತು, ದನಿ ಆಗಿಲ್ಲ

ಕೇಳುಗರಿಗೆ ನಮಸ್ಕಾರ. ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಒಂದು ಹಳೇ ಪಿಯಾನೊ ಇದೆ. ಮಗಳು ನುಡಿಸಿದರೆ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದ ಹಾಗೆ ಕೇಳುತ್ತಿತ್ತು. ಶ್ರುತಿ ತಪ್ಪಿದೆ ಅಂದುಕೊಂಡು ಕಳೆದ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಒಬ್ಬರನ್ನು ಕರೆಸಿದೆ.

ಇನ್ನೂರಕ್ಕೂ ಹೆಚ್ಚು ತಂತಿ. ಅರ್ಧ ದಿನ ಕೂತು ಶ್ರುತಿ ಮಾಡಿದರು. ಮಧ್ಯದ 'ಎ' ಸ್ವರ ಸೆಕೆಂಡಿಗೆ 440 ಕಂಪನ, ಫೋನಿನಲ್ಲೂ ತೋರಿಸಿದರು. ಕಾಫಿ ಕೊಟ್ಟು ಕಳಿಸೋಣ ಅಂತಿದ್ದೆ. "ಶ್ರುತಿ ಆಯ್ತು ಸಾರ್, ದನಿ ಇನ್ನೂ ಆಗಿಲ್ಲ" ಅಂದರು.

ಪಿಯಾನೊದ ಕೀ ಒತ್ತಿದರೆ ಒಳಗೊಂದು ಪುಟ್ಟ ಸುತ್ತಿಗೆ ತಂತಿಗೆ ಹೊಡೆಯುತ್ತದೆ. 88 ಕೀಗೆ 88 ಸುತ್ತಿಗೆ. ಸುಮಾರು 1700ರಲ್ಲಿ ಇಟಲಿಯ ಕ್ರಿಸ್ಟೊಫೊರಿ ಈ ವಾದ್ಯ ಮಾಡಿದಾಗ ಸುತ್ತಿಗೆಯ ತಲೆಗೆ ಚರ್ಮ ಇತ್ತು. ಈಗಿರೋದು ಒತ್ತಿ ಬಿಗಿದ ಉಣ್ಣೆ. ಬಡಿದು ಬಡಿದು ಅದು ಗಟ್ಟಿಯಾಗುತ್ತದೆ, ತಂತಿಯ ಗೀರು ಬೀಳುತ್ತದೆ. ಆಗ ದನಿ ಕಿರುಚುತ್ತದೆ. ತೀರಾ ಮೆತ್ತಗಾದರೆ ಕಂಬಳಿಯೊಳಗಿಂದ ಹಾಡಿದ ಹಾಗೆ. ತಂಬೂರಿ ಶ್ರುತಿ ಮಾಡಿದ ಮೇಲೂ ದನಿ ತಿದ್ದೋಕೆ ಅಂತ, ತಂತಿ ಹೊರುವ ಕುದುರೆಯ ಮೇಲೆ ದಾರ ಸರಿಸುತ್ತಾ ಕೂರುತ್ತಾರಲ್ವಾ? ಹೆಚ್ಚುಕಮ್ಮಿ ಅದೇ ಕೆಲಸ.

ಸುತ್ತಿಗೆಗಳ ಸಾಲನ್ನೇ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಸ್ಯಾಂಡ್‌ಪೇಪರಿನಿಂದ ಗೀರು ಉಜ್ಜಿದರು. ಆಮೇಲೆ ಮರದ ಹಿಡಿಗೆ ಮೂರು ಸೂಜಿ ಕೂರಿಸಿದ ಒಂದು ಸಾಮಾನು. ಬಿಗಿ ಸಡಿಲಾಗಿ ಮೆತ್ತಗಾಗಲಿ ಅಂತ ಉಣ್ಣೆಯ ನೆತ್ತಿಗಲ್ಲ, ಎರಡೂ ಹೆಗಲಿಗೆ ಚುಚ್ಚಿದರು. ಒಂದೊಂದಕ್ಕೆ ನಾಲ್ಕೈದು ಸಲ, ಅಷ್ಟೇ. ಸಾಲನ್ನು ವಾಪಸ್ ಕೂರಿಸಿ, ಒಂದೇ ಒತ್ತಡದಲ್ಲಿ ಒಂದೊಂದೇ ಸ್ವರ ನುಡಿಸಿ ಕೇಳಿದರು. ಪಕ್ಕದವರಿಗಿಂತ ಜೋರಾಗಿ ಮಾತಾಡಿದ ಕೀಗೆ ಸೀಮೆಸುಣ್ಣದ ಗುರುತು. ಮತ್ತೆ ತೆಗೆಯೋದು, ಮತ್ತೆ ಚುಚ್ಚೋದು. ಇದಕ್ಕೆ ಅವರ ಫೋನು ಹೊರಗೇ ಬರಲಿಲ್ಲ.

ಮೇಲಿನ ಸ್ವರಗಳ ಹತ್ತಿರ ಬಂದು ನಿಂತುಬಿಟ್ಟರು. ಹಿಂದೊಮ್ಮೆ ಬಂದವರೊಬ್ಬರು ದನಿ ಏಳಲಿ ಅಂತ ಆ ಉಣ್ಣೆಗೆ ಏನೋ ವಾರ್ನಿಶ್ ಕುಡಿಸಿದ್ದರು. ನಾನೇ ದುಡ್ಡು ಕೊಟ್ಟಿದ್ದೆ. ಉಗುರಿನಲ್ಲಿ ಒತ್ತಿ ನೋಡಿದೆ, ಒಣಗಿದ ಅಡಿಕೆ! ಅಂಥವು ಹನ್ನೊಂದು. ಅವುಗಳ ಮೇಲೇ ಸಂಜೆಯಾಯಿತು.

ಹೊರಡುವಾಗ ಮಧ್ಯದ ಒಂದು ಸ್ವರ ಇನ್ನೂ ಸ್ವಲ್ಪ ಚುರುಕು ಅನ್ನಿಸಿತು. ಅದನ್ನೂ ಚುಚ್ಚಿಬಿಡಿ ಅಂದೆ. ಅವರು ಒಪ್ಪಲಿಲ್ಲ. "ನಿಮ್ಮ ಮಲೆನಾಡಿನ ಮಳೆ ಶುರುವಾದರೆ ಉಣ್ಣೆ ತಾನೇ ತೇವ ಎಳೆದು ಮೆತ್ತಗಾಗುತ್ತೆ ಸಾರ್. ಈಗ ಚುಚ್ಚಿದರೆ ಜುಲೈಯಲ್ಲಿ ಸತ್ತೇ ಹೋಗುತ್ತೆ. ದೀಪಾವಳಿ ಆಗಲಿ, ನೋಡೋಣ." ಸೂಜಿಗಳನ್ನು ಒರೆಸಿ ಡಬ್ಬಿಗೆ ಹಾಕಿಕೊಂಡರು. ಆ ಕೀ ಮೇಲಿನ ಸೀಮೆಸುಣ್ಣದ ಗುರುತನ್ನು ಮಾತ್ರ ಅಳಿಸಬೇಡಿ ಅಂದರು.