ಹಳೇ ಪಬ್‌ನ ಒಳಗೋಡೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹೋಪ್ ಸ್ಟ್ರೀಟ್ ಮತ್ತು ಹಾರ್ಡ್‌ಮನ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಫಿಲ್‌ಹಾರ್ಮೋನಿಕ್ ಡೈನಿಂಗ್ ರೂಮ್ಸ್ ಅಂತ ಒಂದು ಪಬ್ ಇದೆ. ಊರಿನವರ ಬಾಯಲ್ಲಿ ಅದು ಬರೀ ‘ಫಿಲ್’. ಬೀಟಲ್ಸ್ ಎಂಬ ಸಂಗೀತ ತಂಡದವರ ಊರು ಇದು. ಹೆಸರು ಬಂದ ಮೇಲೆ ಆರಾಮಾಗಿ ಫಿಲ್‌ಗೆ ಹೋಗಿ ಕುಡಿಯೋಕಾಗಲ್ಲ ಅನ್ನುವುದೇ ತನ್ನ ಕೊರಗು ಅಂತ ಆ ತಂಡದ ಜಾನ್ ಲೆನನ್ ಹೇಳಿದ್ದರಂತೆ. ಆ ಮಾತು ಅಲ್ಲಿ ಇವತ್ತಿಗೂ ಓಡಾಡುತ್ತದೆ.

ರಾಬರ್ಟ್ ಕೇನ್ ಅನ್ನುವ ಬಿಯರ್ ತಯಾರಕರಿಗಾಗಿ ವಾಲ್ಟರ್ ಥಾಮಸ್ ಎಂಬ ವಾಸ್ತುಶಿಲ್ಪಿ 1898ರಿಂದ 1900ರ ನಡುವೆ ಕಟ್ಟಿದ ಪಬ್ ಇದು. ಆಗ ಬಿಯರ್ ಕಂಪನಿಗಳ ನಡುವೆ ಭಾರಿ ಪೈಪೋಟಿ. ಇನ್ನೊಂದು ಕಡೆ ಪಾನನಿರೋಧದವರ ಒತ್ತಡ. ಲೈಸೆನ್ಸ್ ಕೊಡುವ ಮ್ಯಾಜಿಸ್ಟ್ರೇಟರಿಗೆ ಇದು ಮರ್ಯಾದಸ್ಥರು ಬರುವ ಜಾಗ ಅಂತ ತೋರಿಸಬೇಕಿತ್ತು. ಹಾಗಾಗಿ ಹಣವನ್ನು ನೀರಿನಂತೆ ಸುರಿದರು.

ಬಾಗಿಲಲ್ಲೇ ಲೋಹದ ದೊಡ್ಡ ಗೇಟು. ಬಳ್ಳಿ ಹಬ್ಬಿದ ಹಾಗೆ ತಿರುಚಿದ ಕಬ್ಬಿಣ ಮತ್ತು ತಾಮ್ರದ ಕೆಲಸ, ಹೆನ್ರಿ ಬ್ಲೂಮ್‌ಫೀಲ್ಡ್ ಬೇರ್ ಅವರದು. ಒಳಗೆ ಬಣ್ಣದ ಚೂರುಕಲ್ಲಿನ ನೆಲ. ಬಾರ್ ಕೌಂಟರಿನ ಮುಂಭಾಗಕ್ಕೂ ಅದೇ ಮೊಸಾಯಿಕ್. ಕಪ್ಪುಗೆಂಪು ಮಹಾಗನಿ ಮರ, ಬಣ್ಣದ ಗಾಜಿನ ಕಿಟಕಿ, ತಾಮ್ರದ ಹಾಳೆಯಲ್ಲಿ ಉಬ್ಬಿಸಿದ ಚಿತ್ರಗಳು. ಎದುರಿಗೇ ಊರಿನ ಸಂಗೀತ ಸಭಾಂಗಣ. ಅದಕ್ಕೇ ಅಲಂಕಾರದಲ್ಲೆಲ್ಲ ಸಂಗೀತದ ಗುರುತು. ಎರಡು ಚಿಕ್ಕ ಕೋಣೆಗಳಿಗೆ ಬ್ರಾಮ್ಸ್, ಲಿಸ್ಟ್ ಎಂದು ಸಂಗೀತಗಾರರ ಹೆಸರಿದೆ. ಹಿಂದೆ ಬಿಲಿಯರ್ಡ್ಸ್ ಆಡುತ್ತಿದ್ದ ದೊಡ್ಡ ಕೋಣೆಯಲ್ಲಿ ಚಾರ್ಲ್ಸ್ ಅಲೆನ್ ಮಾಡಿದ ಗಾರೆಯ ಮೂರ್ತಿಗಳಿವೆ. ಗಂಡಸರ ಶೌಚಾಲಯವೂ ಗುಲಾಬಿ ಬಣ್ಣದ ಮಾರ್ಬಲ್ಲಿನದು! ಅದನ್ನು ನೋಡೋಕೆ ಹೆಂಗಸರೂ ಹೋಗುತ್ತಾರೆ.

2020ರಲ್ಲಿ ಫಿಲ್‌ಗೆ ಗ್ರೇಡ್ 1, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ, ಸಂರಕ್ಷಿತ ಕಟ್ಟಡದ ಮಾನ್ಯತೆ ಸಿಕ್ಕಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಪಬ್ ಆಗಬೇಕೆಂದೇ ಕಟ್ಟಿದ ಕಟ್ಟಡಗಳಲ್ಲಿ ಈ ಮಾನ್ಯತೆ ಇಂಗ್ಲೆಂಡಿನಲ್ಲಿ ಮೊದಲು ಸಿಕ್ಕಿದ್ದು ಇದಕ್ಕೆ. ನನ್ನ ಕೇಳಿದರೆ, ತಡವಾಗಿ ಸಿಕ್ಕಿತು.

ಆದರೆ ಹಳೇ ಪಬ್‌ನ ಜೀವ ಬರೀ ಅಲಂಕಾರದಲ್ಲಿಲ್ಲ. ಒಳಗಿನ ಗೋಡೆಗಳಲ್ಲಿದೆ. ಆಗಿನ ಪಬ್ ಅಂದರೆ ಒಂದೇ ಹಾಲ್ ಅಲ್ಲ. ಕೂಲಿಯವರಿಗೆ ಪಬ್ಲಿಕ್ ಬಾರ್, ಅಲ್ಲಿ ಬರಿ ಹಲಗೆಯ ನೆಲ, ಗಟ್ಟಿ ಬೆಂಚು. ಸ್ವಲ್ಪ ಕಾಸಿದ್ದವರಿಗೆ ಸಲೂನ್, ಅಲ್ಲಿ ಕಾರ್ಪೆಟ್ಟು, ಮೆತ್ತನೆ ಆಸನ, ಅದೇ ಬಿಯರಿಗೆ ಚೂರು ಜಾಸ್ತಿ ದರ. ಯಾರ ಕಣ್ಣಿಗೂ ಬೀಳದೆ ಕೂರಬೇಕು ಅನ್ನುವವರಿಗೆ, ಅದರಲ್ಲೂ ಹೆಂಗಸರಿಗೆ, ಸ್ನಗ್ ಎಂಬ ಪುಟ್ಟ ಕೋಣೆ. ಮನೆಗೆ ಒಯ್ಯುವವರಿಗೆ ಬೇರೆಯದೇ ಕಿಂಡಿ. ಮನೆಯಿಂದ ಜಗ್ ತಂದು ತುಂಬಿಸಿಕೊಂಡು ಹೋಗೋದು.

ಲಂಡನ್ನಿನ ಮೇಡಾ ವೇಲ್‌ನಲ್ಲಿ ಪ್ರಿನ್ಸ್ ಆಲ್ಫ್ರೆಡ್ ಅನ್ನುವ ಪಬ್ಬಿಗೆ ಹೋದರೆ ಇದನ್ನೆಲ್ಲ ಕಣ್ಣಾರೆ ನೋಡಬಹುದು. ನಡುವೆ ಬಾರ್, ಸುತ್ತ ಮರದ ಅಡ್ಡಗೋಡೆಗಳು. ಐದು ಭಾಗ. ಅಡ್ಡಗೋಡೆಗಳಲ್ಲಿ ಎಷ್ಟು ಗಿಡ್ಡ ಬಾಗಿಲುಗಳೆಂದರೆ ದೊಡ್ಡವರು ನಡು ಬಗ್ಗಿಸಿಯೇ ನುಸುಳಬೇಕು. ಕೌಂಟರಿನ ಮೇಲೆ, ನಿಂತವರ ಮುಖದ ಮಟ್ಟಕ್ಕೆ, ಚಿಕ್ಕ ಚಿಕ್ಕ ಗಾಜಿನ ಪಟ್ಟಿಗಳ ಸಾಲು. ಗಾಜಿನ ಮೇಲೆ ಹೂಬಳ್ಳಿ ಕೊರೆದಿದ್ದಾರೆ, ಆಚೆಗಿನದು ಕಾಣದು. ಒಂದೊಂದೂ ತಿರುಗಣೆಯ ಮೇಲೆ ತಿರುಗುತ್ತದೆ. ಬೇಕಾದಾಗ ಬೆರಳಿನಿಂದ ತಳ್ಳಿ, ಬಿಯರ್ ಕೇಳಿ, ಮತ್ತೆ ಮುಚ್ಚಬಹುದು. ಇದಕ್ಕೆ ಸ್ನಾಬ್ ಸ್ಕ್ರೀನ್ ಅಂತ ಹೆಸರು. ಎದುರಿನ ಬಾರಲ್ಲಿ ತನ್ನ ಆಳೇ ಕುಡಿಯುತ್ತಿದ್ದರೂ ಯಜಮಾನನ ಮುಖ ಅವನಿಗೆ ಕಾಣಬಾರದು, ಅಷ್ಟೇ. ಆ ಕಾಲದ ಮೇಲು ಕೀಳು ಎಷ್ಟು ಗಟ್ಟಿಯಾಗಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆ ಭೇದ ಹೋಗಿದ್ದು ಒಳ್ಳೆಯದೇ. ಆದರೆ ಸಾಕ್ಷಿಯನ್ನೂ ಒಡೆದು ಹಾಕಿದರೆ ಮುಂದಿನವರಿಗೆ ತೋರಿಸೋದೇನು?

ಒಡೆದು ಹಾಕಿದ್ದೇ ಹೆಚ್ಚು. 1960, 70ರ ದಶಕಗಳಲ್ಲಿ ಪಬ್ ಮೇಲೆ ಪಬ್ಬಿನ ಅಡ್ಡಗೋಡೆ ಕೆಡವಿ ಒಂದೇ ಹಾಲ್ ಮಾಡಿದರು. ಕೆಲಸದವರು ಕಡಿಮೆ ಸಾಕು, ಎಲ್ಲರ ಮೇಲೂ ಕಣ್ಣಿಡಬಹುದು ಎಂಬ ಲೆಕ್ಕ. 1971ರಲ್ಲಿ ಹುಟ್ಟಿದ ಕ್ಯಾಮ್ರಾ ಎಂಬ ಗ್ರಾಹಕ ಸಂಘಟನೆ ಮೊದಲು ಒಳ್ಳೆ ಬಿಯರಿಗಾಗಿ ಹೋರಾಡಿತು. ಆಮೇಲೆ, 1990ರ ದಶಕದಲ್ಲಿ, ಒಳಾಂಗಣ ಕೆಡದೆ ಉಳಿದ ಪಬ್‌ಗಳನ್ನು ಹುಡುಕಿ ಪಟ್ಟಿ ಮಾಡತೊಡಗಿತು. ಕುಡಿಯುವವರೇ ಮುಂದೆ ನಿಂತು ಮಾಡಿದ ಈ ಕೆಲಸದ ಬಗ್ಗೆ ನನಗೆ ತುಂಬಾ ಗೌರವ.

ಇನ್ನೊಂದು ಘಟನೆ ಹೇಳಲೇಬೇಕು. ಲಂಡನ್ನಿನ ಕಿಲ್ಬರ್ನ್‌ನಲ್ಲಿ 1920ರ ದಶಕದ ಕಾರ್ಲ್‌ಟನ್ ಟ್ಯಾವರ್ನ್ ಎಂಬ ಪಬ್ ಇತ್ತು. ಅದನ್ನು ಸಂರಕ್ಷಿತ ಕಟ್ಟಡ ಮಾಡುವ ಮಾತು ನಡೆದಿತ್ತು. ಅಷ್ಟರಲ್ಲೇ, 2015ರ ಏಪ್ರಿಲ್‌ನಲ್ಲಿ, ಜಾಗ ಕೊಂಡವರು ಅನುಮತಿಯಿಲ್ಲದೆ ಬುಲ್ಡೋಜರ್ ತಂದು ಕೆಡವಿಬಿಟ್ಟರು. ಊರಿನವರು ಸುಮ್ನೆ ಬಿಡಲಿಲ್ಲ. ವೆಸ್ಟ್‌ಮಿನ್‌ಸ್ಟರ್ ನಗರಸಭೆ, ಇದ್ದ ಹಾಗೇ ಮತ್ತೆ ಕಟ್ಟಿಕೊಡಿ ಎಂದು ಆದೇಶ ಹೊರಡಿಸಿತು. ಪುಣ್ಯಕ್ಕೆ ಕೆಡವುವ ಮೊದಲೇ ಟೈಲ್‌ಗಳ ಅಚ್ಚು, ಫೋಟೋ ತೆಗೆದಿಟ್ಟಿದ್ದರು. 2021ರ ಏಪ್ರಿಲ್‌ನಲ್ಲಿ ಪಬ್ ಮತ್ತೆ ಬಾಗಿಲು ತೆರೆಯಿತು. ದಂಡ ಕಟ್ಟಿ ಕೈ ತೊಳೆದುಕೊಳ್ಳೋಣ ಅನ್ನುವವರಿಗೆ ಇದು ಸರಿಯಾದ ಉತ್ತರ.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಇಂಗ್ಲೆಂಡಿನಲ್ಲಿದ್ದು, ನೀವು ಅಲ್ಲಿಗೆ ಹೋಗುವವರಿದ್ದರೆ ಇಂಥ ಒಂದು ಪಬ್ ನೋಡಿಕೊಂಡು ಬನ್ನಿ. ಕುಡಿಯಲೇಬೇಕು ಅಂತೇನಿಲ್ಲ, ಜ್ಯೂಸ್ ತಗೊಂಡರೂ ಯಾರೂ ಏನೂ ಅಂದುಕೊಳ್ಳಲ್ಲ. ಸಾಮಾನ್ಯವಾಗಿ ಮೇಜಿನ ಹತ್ತಿರ ಬಂದು ಕೇಳುವವರಿರಲ್ಲ. ನಾವೇ ಕೌಂಟರಿಗೆ ಹೋಗಿ, ದುಡ್ಡು ಕೊಟ್ಟು ತರಬೇಕು. ಪ್ರಿನ್ಸ್ ಆಲ್ಫ್ರೆಡ್‌ಗೆ ವಾರಿಕ್ ಅವೆನ್ಯೂ ಮೆಟ್ರೋ ನಿಲ್ದಾಣ ಹತ್ತಿರ. ಫಿಲ್‌ಗೆ ಲಿವರ್‌ಪೂಲ್‌ನ ಲೈಮ್ ಸ್ಟ್ರೀಟ್ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಹೋಗಿ, ಗಾಜಿನ ಕೆಲಸ ಹತ್ತಿರದಿಂದ ನೋಡೋಕೆ ಆಗ ಅನುಕೂಲ.

ನಮಸ್ಕಾರ.